ಹೊಸ ವೇಪ್ ಫೈರ್ ಆಗುತ್ತಿಲ್ಲವೇ? ಬ್ರಿಟನ್ನಿನಲ್ಲಿ ಸಿಗರೇಟು ಬಿಡಲು ಹೊರಟ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನಾರು ವರ್ಷ ಸಿಗರೇಟು ಸೇದಿದವನು ನಾನು. ಬಿಡುತ್ತೇನೆಂದು ಎಷ್ಟೋ ಸಲ ಆಣೆ ಮಾಡಿ, ಈ ಯುಗಾದಿಯಿಂದ ಮುಂದಿನ ಯುಗಾದಿಗೆ ದೂಡುತ್ತಾ ಬಂದು, ಕೊನೆಗೆ ಇಂಗ್ಲೆಂಡಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಇಲ್ಲಿನ ಧೂಮಪಾನ ಬಿಡಿಸುವ ಸೇವೆಯವರ ಸಲಹೆಯಂತೆ ಒಂದು ಸಣ್ಣ ವೇಪ್ (ನಿಕೋಟಿನ್ ದ್ರವವನ್ನು ಬಿಸಿ ಮಾಡಿ ಆವಿಯಾಗಿಸುವ ಇ-ಸಿಗರೇಟು) ಹಿಡಿದು ಸಿಗರೇಟು ಬಿಟ್ಟೆ. ಅಂದಿನಿಂದ ನಮ್ಮ ಬಳಗದಲ್ಲಿ ಯಾರು ಸಿಗರೇಟು ಬಿಡಲು ಹೊರಟರೂ ನನಗೆ ಫೋನ್ ಬರುತ್ತದೆ. ಬಹುಪಾಲು ರಾತ್ರಿ ಒಂಬತ್ತರ ಮೇಲೆ, ಅಂಗಡಿಗಳು ಬಾಗಿಲು ಹಾಕಿದ ಹೊತ್ತಿನಲ್ಲಿ. ಪ್ರಶ್ನೆ ಒಂದೇ: ಹೊಸದು ತಂದಿದ್ದೇನೆ, ಫೈರ್ ಆಗುತ್ತಿಲ್ಲ, ಅಂದರೆ ಆವಿಯೇ ಬರುತ್ತಿಲ್ಲ, ಈಗೇನು ಮಾಡಲಿ?

2025ರ ಜೂನ್ 1ರಿಂದ ಇಲ್ಲಿ ಒಮ್ಮೆ ಬಳಸಿ ಬಿಸಾಡುವ ವೇಪ್‌ಗಳ ಮಾರಾಟ ನಿಂತ ಮೇಲೆ ಈ ಫೋನುಗಳು ಹೆಚ್ಚಾಗಿವೆ. ಬಿಸಾಡುವ ವೇಪ್‌ನಲ್ಲಿ ಬಳಸುವವನ ಕೆಲಸ ಏನೂ ಇರಲಿಲ್ಲ. ಎಳೆದರೆ ಆವಿ ಬರುತ್ತಿತ್ತು. ಈಗ ಕಾಯಿಲ್ (ದ್ರವವನ್ನು ಬಿಸಿ ಮಾಡುವ, ಒಳಗೆ ಹತ್ತಿಯಿರುವ ತಂತಿಸುರುಳಿ) ಹಾಕಬೇಕು, ಟ್ಯಾಂಕಿಗೆ (ಸಣ್ಣ ಸಾಧನದಲ್ಲಾದರೆ ಕಿತ್ತು ತೆಗೆಯುವ ಪುಟ್ಟ ‘ಪಾಡ್’ಗೆ) ಲಿಕ್ವಿಡ್ ತುಂಬಬೇಕು, ಚಾರ್ಜ್ ಮಾಡಬೇಕು. ಪ್ರತಿ ಹಂತದಲ್ಲೂ ಒಂದೊಂದು ಸಣ್ಣ ತೊಡಕು ಕಾದಿರುತ್ತದೆ.

ಇದು ಹದಿನೆಂಟು ದಾಟಿದ, ಈಗಾಗಲೇ ಸಿಗರೇಟಿನ ಚಟವಿರುವ, ಅದನ್ನು ಬಿಡಲು ಹೊರಟಿರುವವರಿಗಾಗಿ ಬರೆದದ್ದು. ಸಿಗರೇಟು ಸೇದದವರು ಇದರ ಗೊಡವೆಗೇ ಹೋಗಬಾರದು. ವೇಪ್ ಸಿಗರೇಟಿಗಿಂತ ಕಡಿಮೆ ಹಾನಿಕರವೇ ಹೊರತು ನಿರಪಾಯಕಾರಿಯಲ್ಲ. ನಿಕೋಟಿನ್ ಹಿಡಿದರೆ ಬಿಡದ ವಸ್ತು. ಭಾರತದಲ್ಲಿ ಇದು ಪೂರ್ತಿ ನಿಷಿದ್ಧ. ಆ ವಿಚಾರ ಕೊನೆಯ ಪ್ರಶ್ನೆಯಲ್ಲಿದೆ, ಊರಿಗೆ ಹೊರಟವರು ತಪ್ಪದೆ ಓದಿ.

ಡಬ್ಬಿಯಿಂದ ಈಗಷ್ಟೇ ತೆಗೆದೆ. ಬಟನ್ ಒತ್ತಿದರೆ ಲೈಟೂ ಇಲ್ಲ, ಏನೂ ಇಲ್ಲ. ಕೆಟ್ಟದ್ದನ್ನೇ ಕೊಟ್ಟಿದ್ದಾರೆಯೇ?

ಹಾಗೆ ತೀರ್ಮಾನಿಸುವ ಮೊದಲು ಬಟನ್ನನ್ನು ಬೇಗ ಬೇಗ ಐದು ಸಲ ಒತ್ತಿ. ಬಟನ್ ಇರುವ ಬಹುತೇಕ ಸಾಧನಗಳು ಆಫ್ ಆಗಿಯೇ ಡಬ್ಬಿಯಲ್ಲಿ ಬರುತ್ತವೆ, ಎರಡು ಸೆಕೆಂಡಿನೊಳಗೆ ಐದು ಒತ್ತು ಬಿದ್ದರೆ ಮಾತ್ರ ಎಚ್ಚರಗೊಳ್ಳುತ್ತವೆ. ಜೇಬಿನಲ್ಲಿ ತಾನಾಗಿಯೇ ಹೊತ್ತಿಕೊಳ್ಳದಿರಲಿ ಎಂದು ಮಾಡಿದ ಏರ್ಪಾಡು ಇದು. ನಿಧಾನವಾಗಿ ಒತ್ತಿದರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಲವು ಮಾದರಿಗಳಲ್ಲಿ ಮೂರು ಒತ್ತು, ಕೆಲವಕ್ಕೆ ಪಕ್ಕದಲ್ಲಿ ಸಣ್ಣ ಜಾರುಗುಂಡಿ.

ಅದಕ್ಕೂ ಜಗ್ಗದಿದ್ದರೆ ಚಾರ್ಜಿಗೆ ಹಾಕಿ ಅರ್ಧ ಗಂಟೆ ಬಿಡಿ. ಕಾರ್ಖಾನೆಯಿಂದ ಬ್ಯಾಟರಿ ಅರೆಬರೆ ಚಾರ್ಜಿನಲ್ಲಿ ಹೊರಡುತ್ತದೆ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತರೆ ಇನ್ನಷ್ಟು ಇಳಿಯುತ್ತದೆ.

ಆಮೇಲೆ ನೋಡಬೇಕಾದದ್ದು ಅಂಟಿಸಿದ ಪ್ಲಾಸ್ಟಿಕ್ಕು. ಕಳೆದ ಜನವರಿಯಲ್ಲಿ ಚಿತ್ರದುರ್ಗದ ಕಡೆಯ ಗೆಳೆಯನೊಬ್ಬ ಫೋನ್ ಮಾಡಿದ. "ಅಣ್ಣ, ಎರಡು ಗಂಟೆಯಿಂದ ಒದ್ದಾಡುತ್ತಿದ್ದೇನೆ, ನನ್ನ ಹಣೆಬರಹವೇ ಇಷ್ಟು." ವಿಡಿಯೋ ಕರೆ ಮಾಡಲು ಹೇಳಿದೆ. ಅಡುಗೆಮನೆಯ ಮೇಜಿನ ಮೇಲೆ ಸಾಧನ, ಬಿಚ್ಚಿದ ಡಬ್ಬಿ, ಪಕ್ಕದಲ್ಲೇ ಅರ್ಧ ಖಾಲಿಯಾದ ಸಿಗರೇಟು ಪ್ಯಾಕು. ಪಾಡನ್ನು ಕಿತ್ತು ತಲೆಕೆಳಗು ಮಾಡಿ ಕ್ಯಾಮೆರಾ ಮುಂದೆ ಹಿಡಿಯಲು ಹೇಳಿದೆ. ತಳದಲ್ಲಿ, ಎರಡು ಚಿನ್ನದ ಬಣ್ಣದ ಚುಕ್ಕಿಗಳ ಮೇಲೆ, ಪಾರದರ್ಶಕ ಅಂಟುಪಟ್ಟಿ. ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ಅದರ ಅಂಚು ಮಿನುಗಿತು. ಉಗುರಿನಿಂದ ಎಬ್ಬಿಸಿ ತೆಗೆದ. ಮರುಕ್ಷಣ ಆವಿ ಬಂತು. ಆ ಪ್ಯಾಕನ್ನು ಅವನು ಅಂದೇ ರಾತ್ರಿ ನೀರು ಸುರಿದು ಕಸಕ್ಕೆ ಹಾಕಿದ.

ಇಂಥ ಪಟ್ಟಿ ಮೂರು ಕಡೆ ಇರಬಹುದು: ಪಾಡಿನ ತಳದಲ್ಲಿ, ಸಾಧನದ ಒಳಗಿನ ಪಿನ್ನುಗಳ ಮೇಲೆ, ತೆಗೆದು ಹಾಕುವ ಬ್ಯಾಟರಿಯಾದರೆ ಅದರ ಒಂದು ತುದಿಯಲ್ಲಿ. ಬಾಯಿಡುವ ತುದಿಯಲ್ಲಿ ರಬ್ಬರ್ ಬಿರಡೆಯೂ ಇರುತ್ತದೆ, ಅದನ್ನೂ ತೆಗೆಯಿರಿ.

ಇದು ಸರಿಹೋಗುವ ತನಕ ನಾನು ಹೇಗಿರಲಿ? ಕೈ ಸಿಗರೇಟಿನ ಕಡೆಗೇ ಹೋಗುತ್ತಿದೆ.

ಈ ಪ್ರಶ್ನೆಯನ್ನು ಯಾರೂ ಮೊದಲು ಕೇಳುವುದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಬಿಡಲು ನಿರ್ಧರಿಸಿದ ಮೊದಲ ರಾತ್ರಿ ಕೈಕೊಟ್ಟ ಸಾಧನ ಎಷ್ಟು ಜನರನ್ನು ಮತ್ತೆ ಅಂಗಡಿಗೆ ಕಳಿಸಿದೆಯೆಂದು ಹತ್ತಿರದಿಂದ ಕಂಡಿದ್ದೇನೆ. ಆದ್ದರಿಂದ ವೇಪ್ ಕೊಳ್ಳುವ ದಿನವೇ ಒಂದು ಪಟ್ಟಿ ನಿಕೋಟಿನ್ ಗಮ್ಮನ್ನೋ ಲಾಜೆಂಜನ್ನೋ (ಚೀಪುವ ಮಾತ್ರೆ) ತಂದಿಟ್ಟುಕೊಳ್ಳಿ. ಇಲ್ಲಿ ವೈದ್ಯರ ಚೀಟಿ ಬೇಕಿಲ್ಲ, ದೊಡ್ಡ ಸೂಪರ್ ಮಾರ್ಕೆಟ್ಟುಗಳಲ್ಲೂ ಸಿಗುತ್ತದೆ. ಗಮ್ಮನ್ನು ಚೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಅಗಿಯಬಾರದು. ಖಾರದ ಚುರುಕು ಬಂದೊಡನೆ ಕೆನ್ನೆಯ ಒಳಬದಿಗೆ ಸರಿಸಿ ಸುಮ್ಮನಿರಬೇಕು, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು.

ನಿಕೋಟಿನ್ ಇರುವ ಇ-ಸಿಗರೇಟು ಪ್ಯಾಚು ಗಮ್ಮುಗಳಿಗಿಂತ ಹೆಚ್ಚು ಜನರಿಗೆ ಸಿಗರೇಟು ಬಿಡಲು ನೆರವಾಗುತ್ತದೆ ಎಂದು ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯೇ ಹೇಳಿದೆ, ನಿಜ. ಆದರೆ ಆ ನೆರವು ಸಾಧನ ಕೆಲಸ ಮಾಡುವಾಗಿನ ಮಾತು. ಕೆಲಸ ಮಾಡದ ರಾತ್ರಿಗೆ ಗಮ್ಮೇ ಗತಿ.

ಲೈಟು ಹತ್ತುತ್ತದೆ, ಪರದೆಯೂ ಬರುತ್ತದೆ. ಆದರೆ ‘ನೋ ಆಟಮೈಸರ್’ ಅಥವಾ ‘ಚೆಕ್ ಆಟಮೈಸರ್’ ಎನ್ನುತ್ತದೆ. ಟ್ಯಾಂಕು ಕಣ್ಣೆದುರಿಗೇ ಇದೆಯಲ್ಲ?

ಆಟಮೈಸರ್ ಎಂದರೆ ಕಾಯಿಲ್ ಕೂತ ಟ್ಯಾಂಕೇ. ಅದು ನಿಮಗೆ ಕಾಣುತ್ತದೆ, ಸಾಧನಕ್ಕೆ ಕಾಣುತ್ತಿಲ್ಲ. ಸಾಧನಕ್ಕೆ ಕಣ್ಣಿಲ್ಲ; ಸಣ್ಣ ಪ್ರಮಾಣದ ವಿದ್ಯುತ್ತನ್ನು ಹಾಯಿಸಿ, ಎಷ್ಟು ತಡೆಯಾಯಿತು ಎಂದು ಅಳೆದು, ಕಾಯಿಲ್ ಇದೆಯೋ ಇಲ್ಲವೋ ಎಂದು ತಿಳಿಯುತ್ತದೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ನಡುವಿನ ಪಿನ್ನಿನ ಮೂಲಕ ಕಾಯಿಲಿಗೆ ಹತ್ತಿ, ತಂತಿಯನ್ನು ಬಿಸಿ ಮಾಡಿ, ಹೊರಗಿನ ಲೋಹದ ಮೂಲಕ ಹಿಂತಿರುಗಬೇಕು. ಈ ದಾರಿಯಲ್ಲಿ ಕೂದಲೆಳೆಯಷ್ಟು ಅಂತರ ಬಿದ್ದರೂ ಸಾಕು, ಟ್ಯಾಂಕು ಇಲ್ಲವೇ ಇಲ್ಲ ಎಂದು ಸಾಧನ ಹೇಳುತ್ತದೆ. ಊರಲ್ಲಿ ಟಾರ್ಚಿಗೆ ಹೊಸ ಶೆಲ್ಲು ಹಾಕಿದರೂ ಹತ್ತದಿದ್ದಾಗ ಹಿಂದಿನ ಮುಚ್ಚಳದ ಸ್ಪ್ರಿಂಗನ್ನು ಸ್ವಲ್ಪ ಎಳೆದು ಹಾಕುತ್ತಿದ್ದೆವಲ್ಲ, ಇಲ್ಲಿನ ತೊಂದರೆಯೂ ಅದೇ ಜಾತಿಯದು.

ಮೊದಲು ಕಾಯಿಲನ್ನು ನೋಡಿ. ಒತ್ತಿ ಕೂರಿಸುವ ಕಾಯಿಲಾದರೆ ಅದು ಪಾಡಿನ ತಳಕ್ಕೆ ಸಮನಾಗಿ ಕೂರಬೇಕು. ಹೊಸ ರಬ್ಬರ್ ಉಂಗುರಗಳು ಬಿಗಿಯಾಗಿರುವುದರಿಂದ ಅರ್ಧಕ್ಕೇ ನಿಂತುಬಿಡುತ್ತದೆ, ಕೂತಿತು ಎಂದು ನಾವು ಬಿಟ್ಟುಬಿಡುತ್ತೇವೆ. ಪಾಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಡ್ಡದಿಂದ ನೋಡಿದರೆ ಒಂದು ಮಿಲಿಮೀಟರಿನಷ್ಟು ಎದ್ದಿರುವುದು ತಿಳಿಯುತ್ತದೆ. ಹೆಬ್ಬೆರಳಿನಿಂದ ಒತ್ತಿ, ಕಟ್ ಎಂದು ಕೂರಲಿ. ತಿರುಪಿನ ಕಾಯಿಲಾದರೆ ಬೆರಳಿನಿಂದ ತಿರುಗಿಸಿದಷ್ಟು ಬಿಗಿ ಸಾಕು, ಇಕ್ಕಳ ಬೇಡ.

ಆಮೇಲೆ ಒರೆಸಿ. ಲಿಕ್ವಿಡ್ ತುಂಬುವಾಗ ಒಂದು ಹನಿ ಹೊರಗೆ ಬಿದ್ದು ಪಿನ್ನಿನ ಮೇಲೆ ಅಂಟಂಟಾಗಿ ಕೂತಿರುತ್ತದೆ. ಸಾಧನವನ್ನು ಆಫ್ ಮಾಡಿ, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಚೂರೇ ಅದ್ದಿ ಪಾಡಿನ ಚುಕ್ಕಿಗಳನ್ನೂ ಒಳಗಿನ ಪಿನ್ನುಗಳನ್ನೂ ಒರೆಸಿ, ಐದು ನಿಮಿಷ ಒಣಗಲು ಬಿಡಿ. ನನ್ನ ಅನುಭವದಲ್ಲಿ ‘ಚೆಕ್ ಆಟಮೈಸರ್’ ದೂರುಗಳಲ್ಲಿ ಬಹುಪಾಲು ಈ ಎರಡರಲ್ಲೇ ಮುಗಿಯುತ್ತವೆ.

ಬಾಕ್ಸ್ ಎನ್ನುವ ದೊಡ್ಡ ಬ್ಯಾಟರಿ ಸಾಧನದ ಮೇಲೆ ತಿರುಪಿ ಕೂರಿಸುವ ಟ್ಯಾಂಕಿನಲ್ಲಿ ಇನ್ನೊಂದು ಸಂಗತಿಯಿದೆ. ಅದರ ತಿರುಪಿಗೆ 510 ಎಂದು ಹೆಸರು, ಬೇರೆ ಬೇರೆ ಕಂಪನಿಗಳ ಟ್ಯಾಂಕು ಬಾಕ್ಸುಗಳು ಒಂದಕ್ಕೊಂದು ಹೊಂದುವುದು ಈ ಅಳತೆ ಒಂದೇ ಇರುವುದರಿಂದ. ಬಾಕ್ಸಿನ ನಡುವಿನ ಪಿನ್ನು ಸಾಮಾನ್ಯವಾಗಿ ಸ್ಪ್ರಿಂಗಿನ ಮೇಲೆ ಕೂತಿರುತ್ತದೆ. ಟ್ಯಾಂಕನ್ನು ಬಲವಂತವಾಗಿ ಬಿಗಿದರೆ ಆ ಪಿನ್ನು ಒಳಗೇ ಸಿಕ್ಕಿಹಾಕಿಕೊಂಡು ಮೇಲೆ ಬರುವುದಿಲ್ಲ. ಟ್ಯಾಂಕು ಬಿಚ್ಚಿ, ಬ್ಯಾಟರಿ ತೆಗೆದು, ಮರದ ಹಲ್ಲುಕಡ್ಡಿಯಿಂದ ಪಿನ್ನನ್ನು ಮೆಲ್ಲಗೆ ಒತ್ತಿ ನೋಡಿ. ಪುಟಿದು ಮೇಲೆ ಬರಬೇಕು. ಸೂಜಿ, ಸೇಫ್ಟಿ ಪಿನ್ ಮುಂತಾದ ಲೋಹದ ವಸ್ತುಗಳನ್ನು ಅಲ್ಲಿಗೆ ತಾಗಿಸಲೇಬೇಡಿ.

ಇಷ್ಟಕ್ಕೂ ಬಗ್ಗದಿದ್ದರೆ ಡಬ್ಬಿಯಲ್ಲಿರುವ ಎರಡನೇ ಕಾಯಿಲನ್ನು ಹಾಕಿ. ಹೊಸ ಕಾಯಿಲೂ ಕೆಟ್ಟು ಬರುವುದುಂಟು. ಮಲ್ಟಿಮೀಟರ್ ಇರುವವರು ಕಾಯಿಲಿನ ಓಮ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಅಳೆಯಲು ಹೋಗುತ್ತಾರೆ. ಕಡಿಮೆ ಬೆಲೆಯ ಮೀಟರಿನ ತಂತಿಗಳಿಗೇ ಒಂದಿಷ್ಟು ತಡೆ ಇರುವುದರಿಂದ ಒಂದು ಓಮಿಗಿಂತ ಕಡಿಮೆಯದನ್ನು ಅದು ಸರಿಯಾಗಿ ತೋರಿಸುವುದಿಲ್ಲ. ತಂತಿ ಕಡಿದಿದೆಯೇ ಇಲ್ಲವೇ ಎಂಬುದನ್ನು ಮಾತ್ರ ನಂಬಬಹುದು.

‘ಆಟಮೈಸರ್ ಶಾರ್ಟ್’, ‘ಓಮ್ಸ್ ಟೂ ಲೋ’ ಎಂದರೆ?

ಮೊದಲನೆಯದು ವಿದ್ಯುತ್ತು ಕಾಯಿಲಿನ ಮೂಲಕ ಹೋಗದೆ ಅಡ್ಡದಾರಿಯಲ್ಲಿ ಹರಿಯುತ್ತಿದೆ ಎಂಬ ಎಚ್ಚರಿಕೆ. ಕಾಯಿಲಿನ ಕಾಲು ಲೋಹದ ಕವಚಕ್ಕೆ ತಾಗಿರಬಹುದು. ಕಾಯಿಲ್ ಬದಲಿಸಿ.

ಎರಡನೆಯದು ಜೋಡಿ ತಪ್ಪಿದ್ದು. 0.8 ಓಮ್ ಕಾಯಿಲಿಗೆ 3.7 ವೋಲ್ಟ್ ಕೊಟ್ಟರೆ ಸುಮಾರು 4.6 ಆಂಪಿಯರ್ ಹರಿದು 17 ವಾಟ್ ಬರುತ್ತದೆ. ಸಣ್ಣ ಸಾಧನ ಇದನ್ನು ಆರಾಮವಾಗಿ ತಾಳುತ್ತದೆ. 0.15 ಓಮ್ ಕಾಯಿಲಿಗೆ ತುಂಬಿದ ಬ್ಯಾಟರಿಯ 4.2 ವೋಲ್ಟ್ ನೇರವಾಗಿ ಬಿದ್ದರೆ 28 ಆಂಪಿಯರ್. ಅದು ಸಣ್ಣ ಬ್ಯಾಟರಿಯ ತಾಕತ್ತನ್ನು ಮೀರಿದ್ದು. ಹಾಗಾಗಿ ಸಾಧನ ಫೈರ್ ಆಗಲು ಒಪ್ಪುವುದಿಲ್ಲ, ಒಪ್ಪಲೂಬಾರದು. ಸಿಗರೇಟು ಬಿಡಲು ಹೊರಟವರಿಗೆ 0.8ರಿಂದ 1.2 ಓಮ್ ಕಾಯಿಲೇ ಸರಿ. ಸಿಗರೇಟಿನಂತೆ ಮೊದಲು ಬಾಯಿಗೆ, ಆಮೇಲೆ ಎದೆಗೆ ಎಳೆಯುವ ಅಭ್ಯಾಸಕ್ಕೆ ಅದು ಹೊಂದುತ್ತದೆ. ಮೋಡದಂತೆ ಆವಿ ಬಿಡುವ ದೊಡ್ಡ ಯಂತ್ರಗಳನ್ನು ನೋಡಿ ಮರುಳಾಗಬೇಡಿ.

ತೆಗೆದು ಹಾಕುವ ಬ್ಯಾಟರಿಯ ಸಾಧನ ತಂದೆ. ‘ಚೆಕ್ ಬ್ಯಾಟರಿ’ ಎನ್ನುತ್ತಿದೆ.

ಇಂಥ ಸಾಧನದಲ್ಲಿ ಬ್ಯಾಟರಿಯನ್ನು ಬಹಳ ಸಲ ಬೇರೆಯಾಗಿ ಕೊಳ್ಳಬೇಕು, ಗೊತ್ತಿಲ್ಲದೆ ಖಾಲಿ ಡಬ್ಬಿ ತಂದವರೂ ಇದ್ದಾರೆ. ಬ್ಯಾಟರಿಯ ಗಾತ್ರ 18650 ಎಂದರೆ 18 ಮಿಲಿಮೀಟರ್ ಅಡ್ಡಳತೆ, 65 ಮಿಲಿಮೀಟರ್ ಉದ್ದ. 21700 ಎಂದರೆ 21 ಮತ್ತು 70. ಸ್ವಲ್ಪ ಉಬ್ಬಿದಂತೆ, ಸುತ್ತ ತೋಡು ಇರುವ ತುದಿ ಪ್ಲಸ್, ಸಪಾಟಾದದ್ದು ಮೈನಸ್. ಎರಡು ಬ್ಯಾಟರಿ ಹಾಕುವ ಬಾಕ್ಸಿನಲ್ಲಿ ಸಾಮಾನ್ಯವಾಗಿ ಒಂದು ಮೇಲ್ಮುಖ, ಇನ್ನೊಂದು ಕೆಳಮುಖ. ಒಳಗಿನ ಗುರುತನ್ನು ಮೊಬೈಲಿನ ಟಾರ್ಚು ಹಿಡಿದು ಓದಿ. ಉಲ್ಟಾ ಹಾಕಿದ್ದರೆ ಒಳ್ಳೆಯ ಸಾಧನ ಸುಮ್ಮನೆ ಕೂರುತ್ತದೆ; ತಕ್ಷಣ ತೆಗೆದು ಸರಿ ಮಾಡಿ.

ಪೂರ್ತಿ ಚಾರ್ಜಾದ ಬ್ಯಾಟರಿ 4.2 ವೋಲ್ಟ್ ತೋರಿಸುತ್ತದೆ, 3.2ರ ಆಸುಪಾಸಿಗೆ ಇಳಿದರೆ ಬಹುತೇಕ ಸಾಧನಗಳು ಕೆಲಸ ನಿಲ್ಲಿಸುತ್ತವೆ. ಎರಡು ಬ್ಯಾಟರಿಗಳಲ್ಲಿ ಒಂದು ಹಳತು, ಒಂದು ಹೊಸತು ಹಾಕಬೇಡಿ. ಒಟ್ಟಿಗೆ ಕೊಂಡ ಜೋಡಿ ಒಟ್ಟಿಗೇ ದುಡಿಯಬೇಕು, ಒಟ್ಟಿಗೇ ಚಾರ್ಜಾಗಬೇಕು.

ಬ್ಯಾಟರಿಯ ಮೈಮೇಲಿನ ಬಣ್ಣದ ಪ್ಲಾಸ್ಟಿಕ್ ಹೊದಿಕೆ ಬರೀ ಅಲಂಕಾರವಲ್ಲ. ಇಡೀ ಲೋಹದ ಮೈ ಮೈನಸ್ಸೇ ಆಗಿರುವುದರಿಂದ, ಪ್ಲಸ್ ತುದಿಯ ಬಳಿ ಹೊದಿಕೆ ಚೂರು ಹರಿದಿದ್ದರೂ ಶಾರ್ಟ್ ಆಗಬಹುದು. ಹರಿದದ್ದನ್ನು ಬಳಸಬೇಡಿ. ಬಿಡಿ ಬ್ಯಾಟರಿಯನ್ನು ಕೀಲಿಗೊಂಚಲು, ಚಿಲ್ಲರೆ ಇರುವ ಜೇಬಿಗೆ ಹಾಕಿಕೊಂಡು ತೊಡೆ ಸುಟ್ಟುಕೊಂಡವರಿದ್ದಾರೆ. ಐದಾರು ಪೌಂಡು ಉಳಿಸಲು ಅಂತರ್ಜಾಲದಲ್ಲಿ ಸಿಕ್ಕಿದ್ದನ್ನು ತರಿಸಬೇಡಿ. 18650ರ ಮೇಲೆ 9800 ಎಂಎಎಚ್ ಎಂದು ಬರೆದಿದ್ದರೆ ಅದು ಹಸಿ ಸುಳ್ಳು. ಆ ಗಾತ್ರದಲ್ಲಿ ಒಳ್ಳೊಳ್ಳೆಯ ತಯಾರಕರಿಗೂ 3500ರ ಆಸುಪಾಸಿಗಿಂತ ಬಹಳ ಮೇಲೆ ಹೋಗಲು ಆಗಿಲ್ಲ.

ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿದೆ. ಆದರೂ ಸತ್ತ ಹಾಗೇ ಇದೆ.

ರಾತ್ರಿಯೆಲ್ಲಾ ಹಾಕುವುದನ್ನು ಮೊದಲು ನಿಲ್ಲಿಸಿ. ನೀವು ಎಚ್ಚರವಾಗಿದ್ದು ಕಣ್ಣೆದುರಿಗಿದ್ದಾಗ ಮಾತ್ರ ಚಾರ್ಜ್ ಮಾಡಬೇಕು, ದಿಂಬು ಹಾಸಿಗೆಗಳ ಮೇಲೆ ಖಂಡಿತ ಬೇಡ.

ಈಗ ಕೇಬಲ್ಲು. ಎರಡೂ ತುದಿಯಲ್ಲಿ ಯುಎಸ್‌ಬಿ-ಸಿ ಇರುವ ಲ್ಯಾಪ್‌ಟಾಪಿನ ಅಥವಾ ಹೊಸ ಫೋನಿನ ಕೇಬಲ್ಲನ್ನು ಹಾಕಿದ್ದೀರಾ? ಆ ಬಗೆಯ ಚಾರ್ಜರು, ಎದುರಿಗಿರುವ ಸಾಧನದ ಕಿಂಡಿಯಲ್ಲಿ 5.1 ಕಿಲೋ ಓಮಿನ ಸಣ್ಣ ರೆಸಿಸ್ಟರ್ ಇದೆಯೇ ಎಂದು ಮೊದಲು ಹುಡುಕುತ್ತದೆ. ಇದ್ದರೆ ಮಾತ್ರ ವಿದ್ಯುತ್ತು ಬಿಡುತ್ತದೆ. ಕಾಸು ಉಳಿಸಲು ಅದನ್ನು ಹಾಕದೆ ಬಿಟ್ಟ ವೇಪ್‌ಗಳು ಬೇಕಾದಷ್ಟಿವೆ. ಕೇಬಲ್ಲೂ ಸರಿ, ಚಾರ್ಜರೂ ಸರಿ, ಸಾಧನವೂ ಸರಿ, ಆದರೂ ಚಾರ್ಜಾಗುವುದಿಲ್ಲ. ಒಂದು ತುದಿಯಲ್ಲಿ ಹಳೆಯ ಅಗಲ ಯುಎಸ್‌ಬಿ ಇರುವ ಕೇಬಲ್ಲನ್ನು, ಸಾಧ್ಯವಾದರೆ ಡಬ್ಬಿಯಲ್ಲೇ ಬಂದದ್ದನ್ನು, 5 ವೋಲ್ಟ್ 1 ಆಂಪಿಯರಿನ ಸಾದಾ ಚಾರ್ಜರಿಗೆ ಹಾಕಿ ನೋಡಿ. ಈ ಒಂದು ಕಾರಣಕ್ಕೆ ಅಂಗಡಿಗೆ ವಾಪಸ್ಸು ಹೋದ ಒಳ್ಳೆಯ ಸಾಧನಗಳನ್ನು ನೆನೆದರೆ ಬೇಸರವಾಗುತ್ತದೆ.

ಲೈಟು ಮಿಣುಕುತ್ತದೆ. ಎಷ್ಟು ಸಲ ಮಿಣುಕಿದರೆ ಏನರ್ಥ?

ಒಂದೊಂದು ಮಾದರಿಗೂ ಒಂದೊಂದು ಭಾಷೆ, ಕೈಪಿಡಿಯೇ ಅಂತಿಮ. ಹತ್ತೋ ಹದಿನೈದೋ ಸಲ ಮಿಣುಕಿ ಆರಿದರೆ ಸಾಮಾನ್ಯವಾಗಿ ಚಾರ್ಜಿಲ್ಲ. ಮೂರೋ ಐದೋ ಸಲವಾದರೆ ಕಾಯಿಲ್ ಸಿಗುತ್ತಿಲ್ಲ ಅಥವಾ ಶಾರ್ಟ್. ಎಂಟು ಹತ್ತು ಸೆಕೆಂಡು ಎಳೆದ ಮೇಲೆ ಮಿಣುಕಿದರೆ ಅದು ದೋಷವಲ್ಲ, ಸಾಕು ನಿಲ್ಲಿಸು ಎನ್ನುತ್ತಿದೆ ಅಷ್ಟೇ.

ನನ್ನದರಲ್ಲಿ ಬಟನ್ನೇ ಇಲ್ಲ. ಎಷ್ಟು ಎಳೆದರೂ ಬರುತ್ತಿಲ್ಲ.

ಬಟನ್ ಇಲ್ಲದ್ದರ ಒಳಗೆ ಗಾಳಿಯ ಸೆಳೆತವನ್ನು ಗುರುತಿಸುವ ಪುಟ್ಟ ಸೆನ್ಸರ್ ಇರುತ್ತದೆ. ಅದಕ್ಕೆ ಗಾಳಿ ತಲುಪಬೇಕು. ಪಕ್ಕದಲ್ಲಿ ಗಾಳಿ ಕಿಂಡಿಯ ಜಾರುಪಟ್ಟಿ ಪೂರ್ತಿ ಮುಚ್ಚಿರಬಹುದು. ಅಥವಾ ಹಿಡಿಯುವ ಬೆರಳೇ ಕಿಂಡಿಯ ಮೇಲೆ ಕೂತಿರಬಹುದು. ಮಂಡ್ಯದ ಕಡೆಯ ಹಿರಿಯರೊಬ್ಬರು ಬೀಡಿ ಹಿಡಿಯುವಂತೆ ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಿದ್ದರು, ತೊಂದರೆ ಇದ್ದದ್ದು ಅಲ್ಲೇ.

ಸಿಗರೇಟನ್ನು ನಾವು ಚುರುಕಾಗಿ ಎಳೆಯುತ್ತೇವೆ, ಸರಕ್ಕನೆ ಒಂದೆರಡು ಸೆಕೆಂಡು. ಇದನ್ನು ಮೆಲ್ಲಗೆ, ಸಮನಾಗಿ, ಮೂರು ನಾಲ್ಕು ಸೆಕೆಂಡು ಎಳೆಯಬೇಕು. ಜೋರಾಗಿ ಎಳೆದಷ್ಟೂ ಲಿಕ್ವಿಡ್ ನಳಿಗೆಗೆ ನುಗ್ಗಿ ಗೊರಗೊರ ಸದ್ದು ಬರುತ್ತದೆ, ಹನಿ ಕೆಳಗಿಳಿದು ಸೆನ್ಸರನ್ನು ಮುಚ್ಚುತ್ತದೆ. ಹಾಗಾಗಿದ್ದರೆ ಪಾಡನ್ನು ಕಿತ್ತು, ತಳಕ್ಕೆ ಟಿಶ್ಯೂ ಒತ್ತಿ ಹಿಡಿದು, ಮೇಲಿನಿಂದ ಮೆಲ್ಲಗೆ ಊದಿ. ಸಾಧನದ ಒಳಭಾಗವನ್ನೂ ಒರೆಸಿ ಹತ್ತು ನಿಮಿಷ ತೆರೆದಿಡಿ. ಲಿಕ್ವಿಡ್ ಕೈಗಾದರೆ ತೊಳೆದುಕೊಳ್ಳಿ. ಸೀಸೆ ಮಕ್ಕಳಿಗೆ ಎಟುಕಬಾರದು, ನಿಕೋಟಿನ್ ನುಂಗಿದರೆ ವಿಷ. ಹಣ್ಣಿನ ಪರಿಮಳವಿದ್ದರೆ ಮಗು ಷರಬತ್ತೆಂದೇ ತಿಳಿಯುತ್ತದೆ.

ಅಂತೂ ಫೈರ್ ಆಯಿತು, ಆದರೆ ಸುಟ್ಟ ಬಟ್ಟೆಯ ರುಚಿ, ಗಂಟಲು ಉರಿ. ಯಾಕೆ?

ಕಾಯಿಲಿನೊಳಗಿನ ಹತ್ತಿ ಒಣಗಿರುವಾಗಲೇ ಉರಿದಿದೆ. ಹೊಸ ಹತ್ತಿಬತ್ತಿಯನ್ನು ಎಣ್ಣೆಗೆ ಹಾಕಿದ ತಕ್ಷಣ ಕಡ್ಡಿ ಗೀರಿದರೆ ದೀಪ ನಿಲ್ಲುತ್ತದೆಯೇ? ತುದಿ ಕರಕಲಾಗಿ ಹೊಗೆಯಾಡುತ್ತದೆ. ಇಲ್ಲಿಯೂ ಹಾಗೆಯೇ. ಹೊಸ ಕಾಯಿಲಿನ ಪಕ್ಕದ ತೂತುಗಳಲ್ಲಿ ಕಾಣುವ ಬಿಳಿ ಹತ್ತಿಯ ಮೇಲೆ ಮೂರು ನಾಲ್ಕು ಹನಿ ಲಿಕ್ವಿಡ್ ಬಿಟ್ಟು, ಅದು ಒದ್ದೆಯಾಗಿ ಬಣ್ಣ ಬದಲಿಸುವುದನ್ನು ನೋಡಿ, ಆಮೇಲೆ ಕೂರಿಸಿ, ಟ್ಯಾಂಕು ತುಂಬಿ, ಹತ್ತು ನಿಮಿಷ ಕಾಯಿರಿ. ಬಟನ್ ಒತ್ತದೆ ಒಂದೆರಡು ಸಲ ಒಣ ಎಳೆತ ಎಳೆಯಿರಿ. ಕಾಯಿಲಿನ ಮೇಲೆ ಬರೆದ ವಾಟ್‌ಗಳಲ್ಲಿ ಅತಿ ಕಡಿಮೆಯದರಿಂದ ಶುರುಮಾಡಿ. ಒಮ್ಮೆ ಕರಕಲಾದ ಹತ್ತಿ ಮತ್ತೆ ಸರಿಹೋಗುವುದಿಲ್ಲ, ಕಾಯಿಲ್ ಬದಲಿಸುವುದೊಂದೇ ದಾರಿ.

ಲಿಕ್ವಿಡ್ಡಿನ ಗಟ್ಟಿತನವೂ ಮುಖ್ಯ. ಸಣ್ಣ ಪಾಡುಗಳಿಗೆ ವಿಜಿ (ಮಂದವಾದ ಸಸ್ಯಜನ್ಯ ಗ್ಲಿಸರಿನ್), ಪಿಜಿ (ತೆಳುವಾದ ಪ್ರೊಪಿಲೀನ್ ಗ್ಲೈಕಾಲ್) ಅರ್ಧರ್ಧ ಇರುವುದನ್ನು ಹಾಕಿ. ಎಪ್ಪತ್ತು ಪಾಲು ವಿಜಿ ಇರುವುದು ಜೋನಿಬೆಲ್ಲದಷ್ಟು ಮಂದ, ಸಣ್ಣ ತೂತುಗಳಲ್ಲಿ ಇಳಿಯುವುದಿಲ್ಲ. ಇಲ್ಲಿನ ನಿಯಮದಂತೆ ನಿಕೋಟಿನ್ ಲಿಕ್ವಿಡ್ಡಿನ ಸೀಸೆ 10 ಮಿಲಿಲೀಟರ್, ಟ್ಯಾಂಕು 2 ಮಿಲಿಲೀಟರ್, ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಇದಕ್ಕಿಂತ ದೊಡ್ಡ ಅಂಕಿ ಬರೆದ ನಿಕೋಟಿನ್ ಸೀಸೆಯನ್ನು ಯಾರಾದರೂ ಕೊಟ್ಟರೆ ಅದು ಕಳ್ಳಮಾಲು, ಮುಟ್ಟಬೇಡಿ.

ಪರದೆಯಲ್ಲಿ ವಾಟ್ ಬದಲು ಡಿಗ್ರಿ ತೋರಿಸುತ್ತಿದೆ. ಒತ್ತಿದರೆ ಕ್ಷಣಮಾತ್ರ ಬಂದು ನಿಲ್ಲುತ್ತದೆ.

ಸಾಧನ ತಾಪಮಾನ ನಿಯಂತ್ರಣದ ಮೋಡ್‌ಗೆ ಹೋಗಿದೆ. ಅದು ನಿಕ್ಕಲ್, ಟೈಟಾನಿಯಂ, ಸ್ಟೇನ್‌ಲೆಸ್ ಉಕ್ಕಿನ ಕಾಯಿಲುಗಳಿಗೆ ಮಾತ್ರ. ಸಾಮಾನ್ಯವಾಗಿ ಬರುವ ಕಾಂತಾಲ್ ಎಂಬ ಮಿಶ್ರಲೋಹದ ತಂತಿಯ ಓಮ್ ಬಿಸಿಯಾದರೂ ಹೆಚ್ಚುಕಡಿಮೆ ಬದಲಾಗದು, ಹಾಗಾಗಿ ಸಾಧನಕ್ಕೆ ಲೆಕ್ಕ ಸಿಗುವುದಿಲ್ಲ. ಮೆನುವಿನಲ್ಲಿ ವಾಟ್ ಮೋಡ್‌ಗೆ ಹಿಂತಿರುಗಿ.

ಕೊರಿಯರಿನವನು ಬಾಗಿಲ ಹೊರಗೆ ಇಟ್ಟು ಹೋಗಿದ್ದ, ರಾತ್ರಿ ಸೊನ್ನೆ ಡಿಗ್ರಿ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಇದೆ. ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಒಳತಡೆ ಏರುತ್ತದೆ; ಒತ್ತಿದ ಕ್ಷಣ ವೋಲ್ಟೇಜು ಕುಸಿದು ‘ವೀಕ್ ಬ್ಯಾಟರಿ’ ಎನ್ನುತ್ತದೆ. ಲಿಕ್ವಿಡ್ಡೂ ಗಟ್ಟಿಯಾಗಿರುತ್ತದೆ. ಬೆಚ್ಚನೆಯ ಕೋಣೆಯಲ್ಲಿ ಒಂದು ಗಂಟೆ ಇಡಿ, ಆಮೇಲೆ ಚಾರ್ಜಿಗೆ ಹಾಕಿ. ಹೆಪ್ಪುಗಟ್ಟುವ ಚಳಿಯಲ್ಲಿದ್ದ ಬ್ಯಾಟರಿಯನ್ನು ಹಾಗೆಯೇ ಚಾರ್ಜ್ ಮಾಡಿದರೆ ಒಳಗೆ ಶಾಶ್ವತ ಹಾನಿ. ರೇಡಿಯೇಟರಿನ ಮೇಲೆ ಮಾತ್ರ ಇಡಬೇಡಿ.

ಒಳಗೆ ಬಿಚ್ಚಿ ನೋಡಲೇ? ನಾನು ಎಲೆಕ್ಟ್ರಾನಿಕ್ಸ್ ಓದಿದವನು.

ಬೇಡ. ಒಳಗೆ ಕೂರಿಸಿದ ಬ್ಯಾಟರಿಯ ಮೈಗೆ ಸ್ಕ್ರೂಡ್ರೈವರಿನ ತುದಿ ನಾಟಿದರೆ ಓದಿದ್ದು ಉಪಯೋಗಕ್ಕೆ ಬರುವುದಿಲ್ಲ. ಒರೆಸುವುದು, ಒತ್ತುವುದು, ಬದಲಿಸುವುದು, ಇಷ್ಟೇ ನಮ್ಮ ಗಡಿ. ಬಳಸದಿರುವಾಗಲೂ ಸಾಧನ ಬಿಸಿಯಾದರೆ, ಉಬ್ಬಿದರೆ, ಸಿಹಿಯಾದ ರಾಸಾಯನಿಕ ವಾಸನೆ ಬಂದರೆ ಬಳಕೆ ನಿಲ್ಲಿಸಿ, ಹೊತ್ತಿಕೊಳ್ಳುವ ವಸ್ತುಗಳಿಂದ ದೂರ, ಮನೆಯ ಹೊರಗೆ ಕಲ್ಲುಹಾಸಿನ ಮೇಲಿಡಿ. ಸುಯ್ಯೆಂಬ ಸದ್ದೋ ಹೊಗೆಯೋ ಶುರುವಾಗಿದ್ದರೆ ಮುಟ್ಟಲೂ ಹೋಗದೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಬಂದು ಅಗ್ನಿಶಾಮಕದವರನ್ನು ಕರೆಯಿರಿ.

ಎಲ್ಲಾ ಮಾಡಿ ನೋಡಿದೆ. ವಾಪಸ್ಸು ತೆಗೆದುಕೊಳ್ಳುತ್ತಾರೆಯೇ?

ತೆಗೆದುಕೊಳ್ಳಲೇಬೇಕು. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ, ದೋಷವಿರುವ ವಸ್ತುವನ್ನು ಕೊಂಡ 30 ದಿನಗಳೊಳಗೆ ಹಿಂತಿರುಗಿಸಿ ಪೂರ್ತಿ ಹಣ ಕೇಳಬಹುದು. ಆ ಅವಧಿ ಮುಗಿದರೂ, ಆರು ತಿಂಗಳೊಳಗೆ ಕಂಡ ದೋಷ ಮಾರುವಾಗಲೇ ಇತ್ತೆಂದು ಕಾನೂನು ಭಾವಿಸುತ್ತದೆ. ಇರಲಿಲ್ಲವೆಂದು ತೋರಿಸುವ ಹೊಣೆ ಅಂಗಡಿಯದು. ಒಮ್ಮೆ ಒಂದು ಅಂಗಡಿಯವರು "ಬಾಯಿಗಿಟ್ಟ ವಸ್ತು, ವಾಪಸ್ಸಿಲ್ಲ" ಎಂದು ನನ್ನನ್ನು ಕಳಿಸಲು ನೋಡಿದರು. ಮನಸ್ಸು ಬದಲಾಯಿತೆಂದು ಹಿಂತಿರುಗಿಸುವವರಿಗೆ ಆ ಮಾತು ಸಲ್ಲಬಹುದು, ಕೆಟ್ಟ ವಸ್ತುವಿಗೆ ಸಲ್ಲದು. ರಸೀದಿ ಹಿಡಿದು ಸಮಾಧಾನವಾಗಿಯೇ ಇಷ್ಟು ಹೇಳಿದೆ, ಬದಲಿಸಿ ಕೊಟ್ಟರು. ಪರದೆಯ ಸಂದೇಶದ ಒಂದು ಫೋಟೊ ತೆಗೆದುಕೊಂಡು ಹೋಗಿ, ಮಾತು ಬೇಗ ಮುಗಿಯುತ್ತದೆ. ಹಳೆಯ ಸಾಧನವನ್ನು ಮನೆಯ ಕಸದ ಡಬ್ಬಿಗೆ ಹಾಕಬೇಡಿ. ವೇಪ್ ಮಾರುವ ಅಂಗಡಿಗಳೇ ಅದನ್ನು ತೆಗೆದುಕೊಳ್ಳಬೇಕು.

ಮುಂದಿನ ವಾರ ಬೆಂಗಳೂರಿಗೆ ಹೊರಟಿದ್ದೇನೆ. ಜೊತೆಗೆ ಒಯ್ಯಬಹುದೇ?

ಒಯ್ಯಬೇಡಿ. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಕೇಂದ್ರ ಕಾಯ್ದೆ ದೇಶದಾದ್ಯಂತ ತಯಾರಿಕೆ, ಮಾರಾಟ, ಸಾಗಣೆ, ದಾಸ್ತಾನು, ಆಮದು ಎಲ್ಲವನ್ನೂ ನಿಲ್ಲಿಸಿತು. ಆಮದು, ಮಾರಾಟ ಮುಂತಾದವಕ್ಕೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಹೊರದೇಶದಿಂದ ಒಳಗೆ ತರುವುದೇ ಆ ಕಾಯ್ದೆಯಲ್ಲಿ ಆಮದು. ನನ್ನ ಸ್ವಂತಕ್ಕೆ ಒಂದೇ ಒಂದು ಎಂಬ ಮಾತನ್ನು ನೆಚ್ಚಿಕೊಂಡು ವಿಮಾನ ಹತ್ತಬೇಡಿ. ಸಿಂಗಪುರದ ಮೂಲಕ ಹೋಗುವವರಿಗೂ ಇದೇ ಮಾತು, ಅಲ್ಲಿ ಬಳಿಯಲ್ಲಿಟ್ಟುಕೊಳ್ಳುವುದೂ ಅಪರಾಧ.

ನಾನು ಊರಿಗೆ ಹೊರಡುವ ಹಿಂದಿನ ರಾತ್ರಿ ಟ್ಯಾಂಕು ಖಾಲಿ ಮಾಡಿ, ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕುತ್ತೇನೆ. ಕೈಚೀಲಕ್ಕೆ ಎರಡು ಪಟ್ಟಿ ಗಮ್ ಹೋಗುತ್ತದೆ. ಮೂರು ವಾರ ಬಿಟ್ಟು ಬಂದು ತೆಗೆದಾಗ ಅದು ಹೊಸದರಂತೆಯೇ ಮುಷ್ಕರ ಹೂಡುತ್ತದೆ: ‘ಚೆಕ್ ಆಟಮೈಸರ್’. ಪಿನ್ನಿನ ಮೇಲೆ ಒಣಗಿದ ಲಿಕ್ವಿಡ್ ಕಂದು ಪದರವಾಗಿ ಕೂತಿರುತ್ತದೆ. ಹತ್ತಿಕಡ್ಡಿ, ಎರಡು ಹನಿ ಸ್ಪಿರಿಟ್ಟು, ಐದು ನಿಮಿಷ, ಆಮೇಲೆ ಹೊಸ ಕಾಯಿಲ್.